ಮೇಡಂ ಕಾರು ತಿರುವಿನಲ್ಲಿ ಎಳೆಯುತ್ತಿತ್ತು

ಮೇಡಂ ತೀರಿಕೊಂಡ ಮೇಲೆ ಶಾಲೆಯಲ್ಲಿ ಒಂದು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ನಾನೂ ಹೋಗಿದ್ದೆ. ಮಾತಾಡಿದವರೆಲ್ಲ ಒಂದೇ ಮಾತನ್ನು ಬೇರೆ ಬೇರೆ ಥರ ಹೇಳಿದರು. ಮೇಡಂ ಬಹಳ ನಿಧಾನಸ್ಥರು, ಅವಸರ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ, ಇರುವೆಯನ್ನೂ ನೋಡಿ ಕಾಲಿಡುವವರು. ಶಾಲಾ ಸಮಿತಿಯ ಅಧ್ಯಕ್ಷರಂತೂ, "ಮೇಡಂ ಕಾರು ಬತ್ತಾ ಐತೆ ಅಂದ್ರೆ ನಮ್ಮ ಹಸುಗಳು ರಸ್ತೆ ಬಿಟ್ಟು ಏಳ್ತಾನೇ ಇರ್ಲಿಲ್ಲ" ಎಂದು ಹೇಳಿ ಅಷ್ಟು ದುಃಖದ ನಡುವೆಯೂ ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ನೀವೂ ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಎದ್ದು ನಿಂತು, ಎಲ್ಲರೂ ಹೇಳಿದ್ದನ್ನೇ ನಾನೂ ಹೇಳಿ ಕೂತೆ. ನನಗೆ ಗೊತ್ತಿದ್ದ ಇನ್ನೊಂದು ಸಂಗತಿಯನ್ನು ಹೇಳಿದ್ದರೆ ಆ ಸಭೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಹಾರ ಹಾಕಿಸಿಕೊಂಡು ಫೋಟೋದಲ್ಲಿ ಕೂತಿದ್ದ ಮೇಡಂ ಅವರಿಗೂ ಮುಜುಗರವಾಗುತ್ತಿತ್ತೇನೋ. ಆದರೆ ಮನೆಗೆ ಬಂದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಾಸಲು ಹೋಬಳಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಅವರು ಹೆಡ್‌ಮಿಸ್ಟ್ರೆಸ್, ನಾನು ಕನ್ನಡ ಟೀಚರ್. ಇಬ್ಬರದೂ ಮನೆ ದೊಡ್ಡಬಳ್ಳಾಪುರದಲ್ಲಿ. ಮೇಡಂ ಮೂಲತಃ ಜೀವಶಾಸ್ತ್ರದವರು. ಶಾಲೆಯಲ್ಲಿ ಯಾವ ಮಗು ತಲೆನೋವು ಅಂದರೂ ಮೊದಲು ನಾಲಿಗೆ ತೋರಿಸು ಅನ್ನುವರು, ಆಮೇಲೆ ಮಣಿಕಟ್ಟು ಹಿಡಿದು ಗೋಡೆಯ ಗಡಿಯಾರ ನೋಡುವರು. ಟೀಚರುಗಳಿಗೂ ಅದೇ ಚಿಕಿತ್ಸೆ. ಒಮ್ಮೆ ತನಿಖೆಗೆ ಬಂದ ಅಧಿಕಾರಿಯೊಬ್ಬರು ಬಿಸಿಲಲ್ಲಿ ಬಂದು ಸುಸ್ತಾಗಿ ಕೂತಾಗ, ಕಡತ ತೋರಿಸುವ ಬದಲು ಅವರ ನಾಲಿಗೆ ನೋಡಿದ್ದರು. ಆ ಅಧಿಕಾರಿ ಬಾಯಿ ತೆರೆದು ಕೂತಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರೊಬ್ಬರು ರುಚಿ ನೋಡಬೇಕು ಎನ್ನುವುದು ನಿಯಮ. ಬೇರೆ ಶಾಲೆಗಳಲ್ಲಿ ಸರದಿ ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ದಿನವೂ ಮೇಡಮ್ಮೇ. ತಟ್ಟೆ ಹಿಡಿದು ಅಡುಗೆ ಮನೆಯ ಬಾಗಿಲಲ್ಲಿ ನಿಂತು ನಾಲ್ಕು ತುತ್ತು ತಿಂದು, ಸ್ವಲ್ಪ ಹೊತ್ತು ಹಾಗೇ ನಿಂತಿರುವರು. ಏನು ಕಾಯುತ್ತಿದ್ದೀರಿ ಎಂದು ನಾನು ಕೇಳಿದ್ದಕ್ಕೆ, "ಏನಾದ್ರೂ ಆಗೋದಿದ್ರೆ ಮೊದ್ಲು ನನಗಾಗ್ಲಿ ಅಂತ" ಅಂದರು. ತಮಾಷೆಗೆ ಅಂದರೆಂದುಕೊಂಡೆ. ತಮಾಷೆ ಅಲ್ಲ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಅವರಿಗೆ ಮದುವೆಯಾಗಿರಲಿಲ್ಲ. ತಂದೆ ಬೇಗ ಹೋಗಿಬಿಟ್ಟಿದ್ದರಿಂದ ತಮ್ಮನನ್ನು ಓದಿಸಿ, ಕೆಲಸಕ್ಕೆ ಹಚ್ಚಿ, ಮದುವೆ ಮಾಡಿದ್ದು ಅವರೇ. ತಮ್ಮ ಯಲಹಂಕದಲ್ಲಿ ಸಂಸಾರ ಮಾಡಿಕೊಂಡಿದ್ದ. ಒಳ್ಳೆಯವನು, ದಿನಾ ಸಂಜೆ ಫೋನು ಮಾಡುತ್ತಿದ್ದ. ಎಲ್ಲ ಜವಾಬ್ದಾರಿ ಮುಗಿದ ಮೇಲೆ ಮೇಡಂ ತಮಗೆಂದು ಕೊಂಡುಕೊಂಡ ಒಂದೇ ದೊಡ್ಡ ವಸ್ತು ಆ ನೀಲಿ ಕಾರು. ಡೀಸೆಲ್ ಇಂಜಿನ್ನು, ಅದರಲ್ಲೂ ಟರ್ಬೋ. ಶೋರೂಮಿನ ಹುಡುಗಿ ಇದಕ್ಕೆ ತುಂಬಾ ಪವರ್ ಇದೆ ಮೇಡಂ ಎಂದು ಹೇಳಿದ್ದಳಂತೆ. ಅಷ್ಟು ಪವರನ್ನು ಮನೆಗೆ ತಂದು ಮೇಡಂ ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದರು.

ಆ ಕಾರಿನಲ್ಲಿ ನಾವು ನಾಲ್ವರು ಶಾಲೆಗೆ ಹೋಗುತ್ತಿದ್ದೆವು. ಮುಂದೆ ಮೇಡಂ ಪಕ್ಕದಲ್ಲಿ ನಾನು, ಹಿಂದೆ ಪಿ.ಇ. ಮೇಷ್ಟ್ರು ಮತ್ತು ಹಿಂದಿ ಟೀಚರ್. ಹೊರಡುವ ಮುಂಚೆ ಮೇಡಂ ಹಿಂದೆ ತಿರುಗಿ ನಮ್ಮೆಲ್ಲರ ಮುಖ ನೋಡಿ, "ಕೂತ್ರಾ? ಬಾಗ್ಲು ಬಿತ್ತಾ?" ಎಂದು ಕೇಳುವರು. ನಾಯಿ ಅಡ್ಡ ಬಂದರೆ ನಿಲ್ಲಿಸುವರು. ನವಿಲು ಬಂದರೆ ನಿಲ್ಲಿಸಿ ಇಂಜಿನ್ನನ್ನೂ ಆರಿಸುವರು. ಸ್ವಲ್ಪ ಜೋರಾಗಿ ಬ್ರೇಕು ಹಾಕಿದರೂ ಅವರ ಎಡಗೈ ತಾನಾಗಿ ಬಂದು ನನ್ನ ಎದೆಗೆ ಅಡ್ಡ ನಿಲ್ಲುತ್ತಿತ್ತು. ಬೆಲ್ಟು ಹಾಕಿದ್ದೀನಲ್ಲ ಮೇಡಂ ಅಂದರೆ, "ಹೂಂ, ಹೂಂ" ಎಂದು ಕೈ ತೆಗೆಯುವರು, ಮುಂದಿನ ಬ್ರೇಕಿಗೆ ಮತ್ತೆ ಅದೇ ಕೈ.

ಪಿ.ಇ. ಮೇಷ್ಟ್ರಿಗೆ ಈ ನಿಧಾನ ತಡೆಯಲು ಆಗುತ್ತಿರಲಿಲ್ಲ. "ಮೇಡಂ, ಇಳಿದು ತಳ್ಳಲಾ?" ಎಂದು ಕೇಳುವರು.

"ತಳ್ಳಿ ಮೇಷ್ಟ್ರೇ, ನಿಮ್ಮ ಹೊಟ್ಟೆಗೂ ಒಳ್ಳೇದು" ಎಂದು ಮೇಡಂ ಕನ್ನಡಿಯಲ್ಲಿ ನೋಡಿ ಹೇಳುವರು.

ಒಂದು ದಿನ ಮೇಷ್ಟ್ರು ತೀರಾ ರೇಗಿಸಿದಾಗ ಮೇಡಂ ಸ್ವಲ್ಪ ಗಂಭೀರವಾಗಿ ಹೇಳಿದರು. "ನಿಮ್ಮನ್ನೆಲ್ಲ ಮನೆಯೋರು ಬೆಳಿಗ್ಗೆ ನನ್ನ ನಂಬ್ಕೊಂಡು ಕಳ್ಸಿರ್ತಾರೆ. ಸಾಯಂಕಾಲ ಎಣಿಸಿ ವಾಪಸ್ ಕೊಡ್ಬೇಕು ನಾನು." ಅದಾದ ಮೇಲೆ ಮೇಷ್ಟ್ರು ತಳ್ಳುವ ಮಾತು ತೆಗೆಯಲಿಲ್ಲ.

ಆಮೇಲೆ ವರ್ಗಾವಣೆಯ ಕೌನ್ಸೆಲಿಂಗು ಬಂತು. ಮೇಷ್ಟ್ರು ನೆಲಮಂಗಲದ ಕಡೆ ಹೋದರು. ಹಿಂದಿ ಟೀಚರಿಗೆ ಹೊಸಕೋಟೆ ಸಿಕ್ಕಿತು. ನನಗೆ ದೊಡ್ಡಬಳ್ಳಾಪುರ ಟೌನಿನಲ್ಲೇ ಜಾಗ ಸಿಕ್ಕಿತು. ಮೇಡಂ ನಿವೃತ್ತಿಗೆ ಹತ್ತಿರವಿದ್ದುದರಿಂದ ಅಲ್ಲೇ ಉಳಿದರು. ನಮ್ಮ ಜಾಗಕ್ಕೆ ಬಂದವರು ಬೈಕಿನವರು, ಬೇರೆ ದಿಕ್ಕಿನವರು. ಹೀಗೆ ನಾಲ್ಕು ಜನ ಮಾತಾಡುತ್ತ ಹೋಗುತ್ತಿದ್ದ ಕಾರಿನಲ್ಲಿ ಮೇಡಂ ಒಬ್ಬರೇ ಉಳಿದರು.

ನಾನು ಬೆಳಿಗ್ಗೆ ನಡೆದು ನನ್ನ ಹೊಸ ಶಾಲೆಗೆ ಹೋಗುವಾಗ ಎಷ್ಟೋ ಸಲ ಆ ನೀಲಿ ಕಾರು ಎದುರಾಗುತ್ತಿತ್ತು. ಮೇಡಂ ಕೈ ಎತ್ತುವರು. ಪಕ್ಕದ ಸೀಟಿನಲ್ಲಿ ಅವರ ಊಟದ ಬ್ಯಾಗು ಇರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಕಷ್ಟವಾಗುತ್ತಿತ್ತು. ಮನೆಯಲ್ಲೂ ಒಬ್ಬರೇ, ದಾರಿಯಲ್ಲೂ ಒಬ್ಬರೇ ಎಂದು ನನ್ನ ಯಜಮಾನರ ಹತ್ತಿರ ಹೇಳಿಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ ಮೇಡಂ ಫೋನು ಮಾಡಿ, "ಕಾರು ಯಾಕೋ ಎಳೀತಾ ಇದೆ ಕಣಮ್ಮ" ಅಂದರು.

"ಎಲ್ಲಿಗೆ ಮೇಡಂ?"

"ಪಕ್ಕಕ್ಕೆ. ತಿರುವಲ್ಲಿ ಹೋಗ್ತಾ ಇರ್ತೀನಲ್ಲ, ಆಗ ಸ್ಟೇರಿಂಗು ಕೈಯಿಂದ ಕಿತ್ಕೊಳ್ಳೋ ಹಾಗೆ ಜಗ್ಗುತ್ತೆ. ನೀವೆಲ್ಲ ಇದ್ದಾಗ ಹಿಂಗಾಗ್ತಿರ್ಲಿಲ್ಲ."

ಕಡೆಯ ವಾಕ್ಯ ನನ್ನ ಕಿವಿಯಲ್ಲೇ ಉಳಿಯಿತು. ಭಾನುವಾರ ಅವರ ಮನೆಗೆ ಹೋದೆ. ಬಾ ತೋರಿಸ್ತೀನಿ ಎಂದು ಕರೆದುಕೊಂಡು ಹೊರಟರು. ಊರಾಚೆ ಒಂದು ತಿರುವು ಬಂತು. "ಇಲ್ಲಿ ನೋಡು" ಅಂದರು. ನಾನು ಉಸಿರು ಬಿಗಿಹಿಡಿದು ನೋಡಿದೆ. ಕಾರು ಮೆತ್ತಗೆ ತಿರುವು ದಾಟಿ ಆಚೆ ಬಂತು. ಇನ್ನೊಂದು ತಿರುವು. ಅದೂ ಹಾಗೇ. ಮೇಡಂ ಮುಖ ಸಣ್ಣದಾಯಿತು. "ಇವತ್ತು ಎಳೀತಾನೇ ಇಲ್ಲ" ಅಂದರು. ಹಲ್ಲು ನೋವೆಂದು ಡಾಕ್ಟರ ಹತ್ತಿರ ಹೋದ ತಕ್ಷಣ ನೋವು ನಿಂತುಹೋದಾಗ ನಮಗೆ ಆಗುವ ನಾಚಿಕೆ ಅವರ ಮುಖದಲ್ಲಿತ್ತು.

ಆ ಮೇಲೆ ಟಯರಿನ ಅಂಗಡಿಗೆ ಹೋಯಿತು ಕಾರು. ಅಲೈನ್‌ಮೆಂಟು ನೋಡಿದರು, ನಾಲ್ಕೂ ಟಯರಿನ ಗಾಳಿ ನೋಡಿದರು. ಅಂಗಡಿಯವನು ಮೇಡಂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇರ ರಸ್ತೆಯಲ್ಲಿ ಸ್ಟೇರಿಂಗಿನಿಂದ ಎರಡೂ ಕೈ ಬಿಟ್ಟು ತೋರಿಸಿದ. ಕಾರು ನೆಟ್ಟಗೆ ಹೋಯಿತಂತೆ. ತಮ್ಮ ಯಲಹಂಕದಲ್ಲಿ ದೊಡ್ಡ ಸರ್ವಿಸ್ ಸೆಂಟರಿಗೆ ಬಿಡಿಸಿದ. ಅಲ್ಲೂ ಏನೂ ಸಿಗಲಿಲ್ಲ. ತಮ್ಮನೇ ಒಂದು ದಿನ ಅಕ್ಕನ ಪಕ್ಕದಲ್ಲಿ ಕೂತು ನೋಡಿದ. ಎಳೆಯಲಿಲ್ಲ.

ಯಾರಾದರೂ ಕೂತಾಗ ಎಳೆಯದ ಕಾರು ಒಬ್ಬರೇ ಇದ್ದಾಗ ಮಾತ್ರ ಎಳೆಯುತ್ತದೆ ಎಂದರೆ ಕೇಳಿದವರು ಏನು ತಿಳಿದುಕೊಳ್ಳಬೇಕು? ಪಾಪ, ಮೇಡಂಗೆ ಜೊತೆ ಬೇಕಾಗಿದೆ ಎಂದು ಹಿಂದಿ ಟೀಚರ್ ಫೋನಿನಲ್ಲಿ ಅಂದರು. ನಾನು ಬಾಯಿಬಿಟ್ಟು ಹೇಳದಿದ್ದರೂ ಹಾಗೇ ಅಂದುಕೊಂಡಿದ್ದೆ. ಬಿಡುವಾದಾಗ ಹೋಗಿ ಅವರ ಕಾರಿನಲ್ಲಿ ಕೂತು ಬರುತ್ತಿದ್ದೆ. ಅವರು ತಿರುವು ತೋರಿಸುವರು, ನಾನು ನೋಡುವೆನು, ಇಬ್ಬರೂ ಹೋಟೆಲಿನಲ್ಲಿ ಕಾಫಿ ಕುಡಿದು ಬರುವೆವು.

ತಮ್ಮನ ಯೋಚನೆ ಬೇರೆ ದಿಕ್ಕಿಗೆ ಹೋಗಿತ್ತು. ಕಾರು ಸರಿ ಇದ್ದರೆ ಅಕ್ಕನ ಕೈ ಸರಿ ಇಲ್ಲ ಎಂದು ಅವನು ತೀರ್ಮಾನಿಸಿದ. ಮೇಡಂ ಅವರಿಗೂ ಮೊದಲು ಬಂದ ಅನುಮಾನ ಅದೇ. ಎಲ್ಲರ ನಾಡಿ ಹಿಡಿಯುತ್ತಿದ್ದವರು ಈಗ ತಮ್ಮ ಕೈಗಳನ್ನೇ ಪರೀಕ್ಷೆ ಮಾಡಿಕೊಳ್ಳಲು ಶುರು ಮಾಡಿದರು. ನೀರು ತುಂಬಿದ ಲೋಟವನ್ನು ಕೈ ಚಾಚಿ ಹಿಡಿದು ನಿಲ್ಲುವರು. ಡಾಕ್ಟರ ಹತ್ತಿರವೂ ಹೋಗಿಬಂದರು. ಡಾಕ್ಟರು ತಮ್ಮ ಎರಡು ಬೆರಳನ್ನು ಹಿಸುಕಲು ಹೇಳಿ, ಹಿಸುಕಿದ್ದು ಸಾಕು ಬಿಡಿ ಎಂದರಂತೆ. ಅದನ್ನು ಹೇಳುವಾಗ ಮೇಡಂ ಗೆದ್ದವರ ಹಾಗೆ ನಕ್ಕರು. ಆದರೆ ಆ ಸಂಜೆಯೇ ನನ್ನ ಹತ್ತಿರ, "ಕೈಯೇ ಹೋಗಿದ್ರೆ ನಾನಾಗೇ ಕೀ ಕೊಟ್ಬಿಡ್ತೀನಿ ಕಣಮ್ಮ. ಇನ್ನೊಬ್ರ ಮೇಲೆ ಕಾರು ಹತ್ತಿಸೋ ತನಕ ಕಾಯಲ್ಲ. ಆದ್ರೆ ನನ್ನ ಕೈಯೋ ಕಾರೋ ಅಂತ ಒಬ್ರು ಸರಿಯಾಗಿ ಹೇಳ್ಬೇಕಲ್ಲ" ಎಂದು ಕೇಳಿದರು.

ಅಷ್ಟರಲ್ಲಿ ನಿವೃತ್ತಿ ಬಂತು. ಬೀಳ್ಕೊಡುಗೆ, ಶಾಲು, ಹಣ್ಣಿನ ಬುಟ್ಟಿ. ಅದಾದ ಮೇಲೆ ಮೇಡಂ ದಿನ ಬಿಟ್ಟು ದಿನ ಬೆಳಿಗ್ಗೆ ಘಾಟಿ ಸುಬ್ರಹ್ಮಣ್ಯದ ಕಡೆ ಕಾರು ತೆಗೆದುಕೊಂಡು ಹೋಗಲು ಶುರು ಮಾಡಿದರು. ಮೇಡಂಗೆ ರಿಟೈರ್ ಆದ ಮೇಲೆ ಭಕ್ತಿ ಬಂದಿದೆ ಎಂದು ಊರಲ್ಲಿ ಮಾತಾಯಿತು. ನಾನೂ ಸಂತೋಷಪಟ್ಟೆ. ಒಂದು ದಿನ ಬೆಳಿಗ್ಗೆ ಅವರು ಹಿಂದಿರುಗುವ ಹೊತ್ತಿಗೆ ಮನೆಯ ಹತ್ತಿರ ಸಿಕ್ಕಿ, "ಮೇಡಂ, ಪ್ರಸಾದ?" ಎಂದು ಕೈ ಚಾಚಿದೆ. ಅವರು ಪೆಚ್ಚಾದರು. ಬ್ಯಾಗೆಲ್ಲ ತಡಕಾಡಿ ಕೊನೆಗೆ ಒಂದು ಪೆಪ್ಪರ್‌ಮಿಂಟು ಕೊಟ್ಟರು. ದೇವಸ್ಥಾನದ ತನಕ ಹೋದವರು ಪೆಪ್ಪರ್‌ಮಿಂಟು ಯಾಕೆ ಕೊಟ್ಟರೆಂದು ನನಗೆ ಆಗ ಹೊಳೆಯಲಿಲ್ಲ.

ಈ ನಡುವೆ ತಮ್ಮ ಅವರಿಗೆ ಫೋನು ಮಾಡಿ ಖಚಿತವಾಗಿ ಹೇಳಿಬಿಟ್ಟ. ಬರುವ ಭಾನುವಾರ ಬಂದು ಕಾರು ತೆಗೆದುಕೊಂಡು ಹೋಗುತ್ತೇನೆ, ಇನ್ನು ಮೇಲೆ ನೀನು ಓಡಿಸುವುದು ಬೇಡ, ಎಲ್ಲಿಗೆ ಹೋಗಬೇಕಾದರೂ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಪ್ರೀತಿಯಿಂದಲೇ ಹೇಳಿದ್ದ. ಮೇಡಂ ಮರುದಿನ ಬೆಳಿಗ್ಗೆಯೇ ನಮ್ಮ ಮನೆ ಬಾಗಿಲಿಗೆ ಬಂದರು. ಒಳಗೆ ಬನ್ನಿ ಅಂದರೆ ಬರಲಿಲ್ಲ.

"ನೀನು ಗಾಡಿ ಓಡಿಸ್ತೀಯಲ್ಲ ಈಗ. ನನ್ನ ಜೊತೆ ಬರ್ತೀಯಾ?"

ನಾನು ಆ ಹೊತ್ತಿಗೆ ಡ್ರೈವಿಂಗ್ ಕಲಿತು ನಮ್ಮ ಮನೆಯ ಸಣ್ಣ ಕಾರು ಓಡಿಸುತ್ತಿದ್ದೆ. ಕಲಿ ಕಲಿ ಎಂದು ಬೆನ್ನು ಹತ್ತಿದವರೂ ಮೇಡಮ್ಮೇ. ಹೊರಟೆವು. ಘಾಟಿ ರಸ್ತೆಯಲ್ಲಿ ಗುಡ್ಡ ಶುರುವಾಗುವ ಕಡೆ, ಒಂದು ಬಸ್ ತಂಗುದಾಣದ ಹತ್ತಿರ ಮೇಡಂ ಕಾರು ನಿಲ್ಲಿಸಿ ಇಳಿದರು. ನನ್ನನ್ನು ಸ್ಟೇರಿಂಗಿಗೆ ಕೂರಿಸಿದರು. ನಾನು ಪಕ್ಕದ ಬಾಗಿಲು ತೆರೆದು, ಬನ್ನಿ ಅಂದೆ.

"ನಾನು ಬರಲ್ಲ. ನೀನೊಬ್ಳೇ ಹೋಗ್ಬೇಕು. ನಾನು ಇಲ್ಲೇ ಕೂತಿರ್ತೀನಿ."

"ಯಾಕೆ ಮೇಡಂ?"

ಮೇಡಂ ಕಿಟಕಿಯ ಹತ್ತಿರ ಬಗ್ಗಿ ಪಾಠ ಹೇಳುವ ದನಿಯಲ್ಲಿ ಹೇಳಿದರು. "ಮುಂದೆ ಬಲಕ್ಕೆ ಒಂದು ದೊಡ್ಡ ತಿರುವಿದೆ. ಪೂರ್ತಿ ಕಾಣುತ್ತೆ, ಎದುರಿಗೆ ಏನೂ ಇಲ್ಲ ಅಂತ ನೋಡ್ಕೋ. ಎರಡನೇ ಗೇರಲ್ಲಿ ಒಳಗೆ ಹೋಗು. ಅರ್ಧ ತಿರುಗಿದ ಮೇಲೆ ಆಕ್ಸಿಲರೇಟರ್ ಒತ್ತು. ಸುಮ್ನೆ ಅಲ್ಲ, ಚೆನ್ನಾಗಿ ಒತ್ಬೇಕು. ಕೈ ಬಿಡ್ಬೇಡ."

ಇಷ್ಟೆಲ್ಲ ಇವರಿಗೆ ಹೇಗೆ ಗೊತ್ತು ಎಂದು ಯೋಚಿಸುತ್ತಲೇ ಹೊರಟೆ. ತಿರುವು ಬಂತು. ಖಾಲಿ ರಸ್ತೆ. ಅವರು ಹೇಳಿದ ಹಾಗೇ ಅರ್ಧ ತಿರುಗಿದ ಮೇಲೆ ಒತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಇಂಜಿನ್ನಿಗೆ ಒಮ್ಮೆಲೇ ಉಸಿರು ಬಂದು ಕಾರು ಮುಂದಕ್ಕೆ ನೆಗೆಯಿತು, ಸ್ಟೇರಿಂಗು ನನ್ನ ಅಂಗೈಯೊಳಗೇ ಪಕ್ಕಕ್ಕೆ ಜಗ್ಗಿತು. ಮಗು ಸೆರಗು ಹಿಡಿದು ಎಳೆಯುತ್ತದಲ್ಲ, ಹಾಗೆ. ಹೆದರಿ ಕಾಲು ತೆಗೆದೆ, ಬಿಟ್ಟುಬಿಟ್ಟಿತು. ಮತ್ತೆ ಒತ್ತಿದೆ, ಮತ್ತೆ ಜಗ್ಗಿತು. ನಾನು ಗಟ್ಟಿಯಾಗಿ ಹಿಡಿದುಕೊಂಡು ಒತ್ತಿಯೇ ಇದ್ದೆ. ಗುಡ್ಡ, ಬಂಡೆ, ನೀಲಗಿರಿ ಮರ ಎಲ್ಲ ಸರ್ರನೆ ಹಿಂದಕ್ಕೆ ಹೋದವು. ತಿರುವು ಮುಗಿದ ಮೇಲೆ ನನಗೆ ತಿಳಿಯದೆಯೇ ನಾನು ಜೋರಾಗಿ ನಗುತ್ತಿದ್ದೆ.

ಮುಂದೆ ಕಾರು ತಿರುಗಿಸಲು ನಿಲ್ಲಿಸಿದಾಗ ಎರಡು ವಿಷಯ ಒಟ್ಟಿಗೆ ತಲೆಗೆ ಹೊಳೆದವು. ಮೇಡಂ ಕಾರು ನಿಜವಾಗಿ ಎಳೆಯುತ್ತದೆ. ಮತ್ತು ಅದು ಎಳೆಯಬೇಕಾದರೆ ಮೇಡಂ ಹೀಗೆ ಓಡಿಸುತ್ತಿರಬೇಕು. ನವಿಲು ಕಂಡರೆ ಇಂಜಿನ್ ಆರಿಸುವ ನಮ್ಮ ಮೇಡಂ.

ಹಿಂದಿರುಗಿ ಬಂದಾಗ ಅವರು ತಂಗುದಾಣದ ಕಲ್ಲು ಬೆಂಚಿನ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳ ಮುಖ ಅವರದಾಗಿತ್ತು. ನಾನು ಇಳಿಯುವ ಮುಂಚೆಯೇ ಎದ್ದು ನಿಂತರು.

"ಎಳೀತಾ?"

"ಎಳೀತು ಮೇಡಂ. ಚೆನ್ನಾಗೇ ಎಳೀತು."

ಅವರು ತಮ್ಮ ಎರಡೂ ಕೈಗಳನ್ನು ಒಮ್ಮೆ ಮಗುಚಿ ನೋಡಿಕೊಂಡರು. ಆಮೇಲೆ ಮತ್ತೆ ಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನೂ ಪಕ್ಕದಲ್ಲಿ ಕೂತೆ. ಅವರು ನನ್ನನ್ನು ನೋಡದೆ, "ಮಜಾ ಇರುತ್ತೆ ಅಲ್ವಾ" ಅಂದರು.

"ಹೂಂ ಮೇಡಂ."

"ನೀವೆಲ್ಲ ಹೋದ್ರಲ್ಲ, ಮೊದಮೊದ್ಲು ಕಾರಲ್ಲಿ ಕೂತ್ರೆ ಅಳು ಬರ್ತಿತ್ತು. ಹಿಂದೆ ತಿರುಗಿ ಕೂತ್ರಾ ಅಂತ ಕೇಳ್ಬಿಡ್ತಿದ್ದೆ, ಯಾರೂ ಇರ್ತಿರ್ಲಿಲ್ಲ. ಒಂದಿನ ಹಂಗೇ ಸಿಟ್ಟು ಬಂದು ಒತ್ಬಿಟ್ಟೆ. ಆವಾಗ ಗೊತ್ತಾಯ್ತು ಈ ಕಾರು ಹಿಂಗೂ ಹೋಗುತ್ತೆ ಅಂತ." ನಕ್ಕರು. "ತೋರಿಸ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ ನಿನಗೆ. ಪಕ್ಕದಲ್ಲಿ ಒಬ್ರು ಕೂತ್ರೆ ಮುಗೀತು, ಕಾಲು ಬರಲ್ಲ. ಒತ್ತಬೇಕು ಅಂತ ಮನಸ್ಸಿರುತ್ತೆ, ಕಾಲು ಮಾತ್ರ ಒತ್ತಲ್ಲ. ಅದಕ್ಕೇ ನಿನ್ನೊಬ್ಳನ್ನೇ ಕಳ್ಸಿದ್ದು."

"ಒಬ್ರೇ ಇದ್ದಾಗ ಏನಾದ್ರೂ ಆಗಿದ್ರೆ?"

"ಆಗಿದ್ರೆ ನಾನೊಬ್ಳೇ ಅಲ್ವಾ."

ಅಷ್ಟು ಸಲೀಸಾಗಿ ಹೇಳಿದರು. ನನಗೆ ಸಂಕಟವೂ ಆಯಿತು, ಕೋಪವೂ ಬಂತು. ಎದುರಿಗೆ ಬರೋರ ಗತಿ ಏನು ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. "ಕಾಣೋ ತಿರುವಲ್ಲಿ ಮಾತ್ರ ಒತ್ತೋದು ಕಣಮ್ಮ. ಕಾಣದ ತಿರುವಲ್ಲಿ ನಾನು ನಿಮ್ಮ ಹಳೇ ಮೇಡಮ್ಮೇ" ಅಂದರು. ದೇವಸ್ಥಾನದ ಒಳಗೆ ಒಂದು ಸಲವೂ ಹೋಗಿಲ್ಲ, ಗೋಪುರ ಕಂಡ ಕೂಡಲೇ ಕಾರಿನಿಂದಲೇ ಕೈ ಮುಗಿದು ವಾಪಸು ತಿರುಗಿಸುತ್ತೇನೆ ಎಂದೂ ಒಪ್ಪಿಕೊಂಡರು.

ಬರುವಾಗ ನಾನೇ ಟಯರಿನ ಅಂಗಡಿಯ ಮುಂದೆ ನಿಲ್ಲಿಸಿ ಅಂಗಡಿಯವನನ್ನು ಕೇಳಿದೆ. ತಿರುವಿನಲ್ಲಿ ಜೋರಾಗಿ ಒತ್ತಿದರೆ ಸ್ಟೇರಿಂಗು ಎಳೆಯುತ್ತದಾ ಎಂದು. ಅವನು ಆಶ್ಚರ್ಯಪಡಲೇ ಇಲ್ಲ.

"ಎಳದೇ ಎಳೀತದೆ. ಇಂಥ ಗಾಡೀಲಿ ಗಾಡಿ ಎಳೆಯೋದೂ ಮುಂದಿನ ಚಕ್ರನೇ, ತಿರುಗೋದೂ ಅದೇ. ತಿರುವಲ್ಲಿ ಭಾರ ಎಲ್ಲ ಒಂದು ಕಡೆ ಬಿದ್ದಿರ್ತದೆ, ಆಗ ಪವರ್ ಕೊಟ್ರೆ ಎರಡೂ ಚಕ್ರ ಒಂದೇ ಸಮ ಎಳಿಯಲ್ಲ. ಅದು ಸ್ಟೇರಿಂಗಿಗೆ ಬರ್ತದೆ. ರಿಪೇರಿ ಮಾಡಕ್ಕೆ ಏನೂ ಇಲ್ಲ ಮೇಡಂ, ಗಾಡಿ ಗುಣನೇ ಅದು. ಆದ್ರೆ ಅಷ್ಟು ಒತ್ತೋರು ಯಾರು ಹೇಳಿ, ಹುಡುಗ್ರು ಒತ್ತಬೇಕು." ಹೀಗೆಂದು ಅವನು ಮೇಡಂ ಕಡೆ ನೋಡಿ ಗೌರವದಿಂದ ನಕ್ಕ. ಅವನ ಮಗಳು ಮೇಡಂ ಅವರ ಶಿಷ್ಯೆ. ಮೇಡಂ ಅಂಗಡಿಯ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಭಾನುವಾರ ತಮ್ಮ ಬಂದ. ಕಾರು ಓಡಿಸಿಕೊಂಡು ಹೋಗಬೇಕಲ್ಲ, ಅದಕ್ಕೆ ಬಸ್ಸಿನಲ್ಲೇ ಬಂದಿದ್ದ. ನೀನೂ ಇರು ಎಂದು ಮೇಡಂ ನನ್ನನ್ನು ಕರೆಸಿದ್ದರು. ತಿಂಡಿಗೆ ಇಡ್ಲಿ ಮಾಡಿದ್ದರು. ತಿಂಡಿಯಾಗುವ ತನಕ ಯಾರೂ ಕಾರಿನ ಮಾತು ಎತ್ತಲಿಲ್ಲ. ಕೈ ತೊಳೆದ ಮೇಲೆ ನಾನೇ ಶುರು ಮಾಡಿದೆ. ಮೇಡಂ ಕೈ ಗಟ್ಟಿಯಾಗಿದೆ, ಕಾರೇ ಎಳೆಯುವುದು, ನಾನೇ ಓಡಿಸಿ ನೋಡಿದೆ, ಅಂಗಡಿಯವನೂ ಹೇಳಿದ ಎಂದೆ.

ತಮ್ಮ ಪೂರ್ತಿ ಕೇಳಿಸಿಕೊಂಡ. "ಗೊತ್ತು ಟೀಚರ್, ಅಂಥ ಗಾಡೀಲಿ ಎಳೀತದೆ. ಆದ್ರೆ ಎಳೀಬೇಕು ಅಂದ್ರೆ ತಿರುವಲ್ಲಿ ಪೂರ್ತಿ ಒತ್ಬೇಕು. ನಮ್ಮಕ್ಕ ಹಂಗೆ ಓಡಿಸ್ತಾಳಾ?" ಎಂದು ನಕ್ಕ.

ನಾನು ಮೇಡಂ ಮುಖ ನೋಡಿದೆ. ಹೇಳುವ ಹಕ್ಕು ನನ್ನದಲ್ಲ. ಅವರು ಲೋಟ ಕೆಳಗಿಟ್ಟರು.

"ಓಡಿಸ್ತೀನಿ ಕಣೋ."

"ಏನು?"

"ಹಂಗೇ ಓಡಿಸ್ತೀನಿ. ಒಬ್ಳೇ ಇದ್ದಾಗ."

ತಮ್ಮ ಒಂದು ಕ್ಷಣ ಅಕ್ಕನನ್ನು ನೋಡಿದ. ಆಮೇಲೆ ಅವನ ಮುಖ ಮೃದುವಾಯಿತು. "ಕಾರಿಗೋಸ್ಕರ ಸುಳ್ಳು ಹೇಳ್ತೀಯಾ ಅಕ್ಕ" ಅಂದ. ಅದರಲ್ಲಿ ಸಿಟ್ಟಿರಲಿಲ್ಲ, ಕನಿಕರ ಇತ್ತು. ಅದು ಸಿಟ್ಟಿಗಿಂತ ಕಷ್ಟ. ಹುಟ್ಟಿದಾಗಿನಿಂದ ನೋಡಿದ ಅಕ್ಕ. ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡಾಗ ಸೈಕಲ್ಲನ್ನು ತಳ್ಳಿಕೊಂಡೇ ನಡೆದವಳು. ಅವನು ನಂಬಲಿಲ್ಲ ಎಂದು ನಾನು ದೂರಲಾರೆ.

"ಬಾ, ಕೂತ್ಕೋ, ತೋರಿಸ್ತೀನಿ" ಎಂದು ಮೇಡಂ ಎದ್ದರು.

ಘಾಟಿ ರಸ್ತೆಗೇ ಹೋದೆವು. ಮೇಡಂ ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ತಮ್ಮ, ಹಿಂದಿನ ಸೀಟಿನಲ್ಲಿ ನಾನು. ತಂಗುದಾಣ ದಾಟಿ ಆ ತಿರುವು ಬಂತು. ಎದುರಿಗೆ ಒಂದು ಸೈಕಲ್ಲೂ ಇರಲಿಲ್ಲ. ಮೇಡಂ ಗೇರು ಇಳಿಸಿದ್ದು ಕೇಳಿಸಿತು. ಅವರ ಕೈ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದದ್ದು ಕಾಣಿಸಿತು. ಒತ್ತಿ ಮೇಡಂ, ಒತ್ತಿ ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ನನ್ನ ಬಲಗಾಲು ಹಿಂದಿನ ಸೀಟಿನಲ್ಲಿ ತಾನೇ ನೆಲ ಒತ್ತುತ್ತಿತ್ತು.

ಮೇಡಂ ಒಮ್ಮೆ ಪಕ್ಕಕ್ಕೆ ತಿರುಗಿ ತಮ್ಮನನ್ನು ನೋಡಿದರು. ಅರೆಕ್ಷಣ ಅಷ್ಟೇ. ಕಾರು ಅದೇ ನಿಧಾನದಲ್ಲಿ ತಿರುವನ್ನು ಪೂರ್ತಿ ಸುತ್ತಿ ಆಚೆ ಬಂತು.

ಇನ್ನೊಂದು ತಿರುವಿತ್ತು. ಅಲ್ಲೂ ಆಗಲಿಲ್ಲ. ಮೇಡಂ ರಸ್ತೆಯ ಅಂಚಿಗೆ ಕಾರು ತಂದು ನಿಲ್ಲಿಸಿ, ಇಂಜಿನ್ ಆರಿಸಿ, ಕೈಗಳನ್ನು ಸ್ಟೇರಿಂಗಿನ ಮೇಲೇ ಇಟ್ಟುಕೊಂಡು ಕೂತರು. ತಮ್ಮ ಅವರ ಭುಜದ ಮೇಲೆ ಕೈಯಿಟ್ಟು, "ಬಿಡಕ್ಕ, ಸಾಕು" ಅಂದ. ಹೇಳಿಬಿಡಲಾ ಎಂದು ನನಗೆ ಅನ್ನಿಸಿತು. ನಾವಿಬ್ಬರೂ ಇಳಿಯೋಣ, ಆ ಮರದ ಕೆಳಗೆ ನಿಂತುಕೊಂಡು ನೋಡಿ, ಆಗ ಗೊತ್ತಾಗುತ್ತದೆ ಎಂದು. ಬಾಯಿ ತೆರೆದೆ. ಮೇಡಂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ತಲೆಯಾಡಿಸಿದರು. ಒಬ್ಬಳೇ ಇರುವ ಅಕ್ಕ ಎಷ್ಟು ಜೋರಾಗಿ ಹೋಗುತ್ತಾಳೆಂದು ಕಣ್ಣಾರೆ ನೋಡಿದರೆ ಅವನಿಗೆ ಇನ್ನು ನಿದ್ದೆ ಬರುವುದಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ನಾನು ಬಾಯಿ ಮುಚ್ಚಿಕೊಂಡೆ.

ಇಬ್ಬರೂ ಇಳಿದು ಜಾಗ ಬದಲಾಯಿಸಿದರು. ಕಾರಿನ ಮುಂದೆ ಎದುರು ಬದುರಾದಾಗ ಮೇಡಂ ಕೀಯನ್ನು ತಮ್ಮನ ಅಂಗೈಯಲ್ಲಿಟ್ಟು, "ತಿರುವಲ್ಲಿ ಸ್ವಲ್ಪ ಎಳೀತದೆ, ಗಟ್ಟಿಯಾಗಿ ಹಿಡ್ಕೋ" ಅಂದರು.

"ಆಯ್ತಕ್ಕ" ಅಂದ ಅವನು.

ಅಕ್ಕ ಪಕ್ಕದಲ್ಲಿದ್ದಾಳೆಂದು ಅವನು ನಿಧಾನವಾಗಿಯೇ ಓಡಿಸಿದ. ದೊಡ್ಡಬಳ್ಳಾಪುರ ಸೇರುವವರೆಗೂ ಕಾರು ಎಲ್ಲಿಯೂ ಎಳೆಯಲಿಲ್ಲ.